ಬೆದೆಗೆ ಬಂದವರು ಹೆರಿಗೆಗೆ ಬರಲಿಲ್ಲ

ಹಳಬರಿಗೆ ದನದ ಹೆರಿಗೆ ಮಾಡಿಸುವುದು ಗೊತ್ತಿತ್ತು, ಈಗಿನವರಿಗೆ ಡಾಕ್ಟರಿಗೆ ಫೋನ್ ಮಾಡುವುದಷ್ಟೇ ಗೊತ್ತು ಎಂಬ ಮಾತನ್ನು ಹಳೇ ಮೈಸೂರಿನ ಯಾವ ಹಳ್ಳಿಯ ಜಗಲಿಯಲ್ಲಾದರೂ ಕೇಳಬಹುದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಹಳಬರಿಗೆ ತಿಳಿವಳಿಕೆ ಇತ್ತು, ನಿಜ. ಆದರೆ ಅವರ ಕೊಟ್ಟಿಗೆಯಲ್ಲಿದ್ದ ಹಸು, ಬಹುಪಾಲು, ಯಾರ ಕೈಯನ್ನೂ ಕಾಯದೆ ತಾನೇ ಕರು ಹಾಕುವ ಹಸುವಾಗಿತ್ತು. ಇವತ್ತು ಅದೇ ಜಾಗದಲ್ಲಿ ಕಟ್ಟಿರುವುದು ಬೇರೆ ಮೈಕಟ್ಟಿನ, ಬೇರೆ ಉದ್ದೇಶದ ಹಸು. ಅದನ್ನು ಅಲ್ಲಿಗೆ ತಂದದ್ದು ರೈತನ ಮರೆವಲ್ಲ, ಎಂಬತ್ತು ವರ್ಷಗಳ ಸರ್ಕಾರಿ ತಳಿ ನೀತಿ. ಹಸು ಗಬ್ಬ ಕಟ್ಟುವುದನ್ನು ಸರ್ಕಾರ ತನ್ನ ಕೆಲಸವೆಂದು ಮೈಮೇಲೆ ಹಾಕಿಕೊಂಡಿತು. ಗಬ್ಬ ಇಳಿಯುವ ಹೊತ್ತನ್ನು ಮಾತ್ರ ಮನೆಯವರಿಗೇ ಬಿಟ್ಟಿತು. ನಮ್ಮ ನಾಡಿನ ದನದ ಹೆರಿಗೆಯ ಚರಿತ್ರೆಯನ್ನು ತಿಳಿವಳಿಕೆ ಕಳೆದುಹೋದ ಕತೆಯಾಗಿ ಓದುವುದಕ್ಕಿಂತ, ಹೊಣೆ ಹಂಚಿಕೆಯಲ್ಲಿ ಆದ ಈ ಏರುಪೇರಿನ ಕತೆಯಾಗಿ ಓದಿದರೆ ಹೆಚ್ಚು ಅರ್ಥವಾಗುತ್ತದೆ.

ಮೊದಲು ಹಳೆಯ ಹಸು ಎಂಥದೆಂದು ನೋಡಬೇಕು. ಮೈಸೂರು ಸೀಮೆಯಲ್ಲಿ ದನವನ್ನು ಸಾಕುತ್ತಿದ್ದದ್ದು ಮುಖ್ಯವಾಗಿ ಎತ್ತಿಗಾಗಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1672–1704) ಬೆಣ್ಣೆ ಚಾವಡಿ ಎಂಬ ಹೆಸರಿನಲ್ಲಿ ಗಟ್ಟಿಯಾದ ಅರಮನೆಯ ಹಿಂಡು ಹೈದರನ ಕೈಯಲ್ಲಿ ಬೆಳೆಯಿತು. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟು, ಅದರ ಪಾಲನೆಗೆಂದೇ ಹುಕುಂನಾಮೆ ಹೊರಡಿಸಿದ. ಹೆಸರಿನಲ್ಲಿ ಬೆಣ್ಣೆಯೂ ಅಮೃತವೂ ಇದ್ದರೂ ಹಿಂಡಿನ ನಿಜವಾದ ಕೆಲಸ ಫಿರಂಗಿ ಎಳೆಯುವ ಎತ್ತುಗಳನ್ನು ಒದಗಿಸುವುದು. 1799ರ ನಂತರ ಹಿಂಡು ಬ್ರಿಟಿಷರ ಕೈಸೇರಿತು. 1860ರಲ್ಲಿ ಖರ್ಚು ಉಳಿಸಲು ಅದನ್ನು ಒಡೆದು ಮಾರಿದವರು, ಸೈನ್ಯಕ್ಕೆ ಎತ್ತು ಸಿಗದೆ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಈ ದನಗಳು ಹಗಲಿರುಳು ಕಾವಲುಗಳಲ್ಲಿ ಮೇಯುತ್ತಿದ್ದವು. ಮನುಷ್ಯರನ್ನು ಕಂಡರೆ ಕೊಂಬು ತಗ್ಗಿಸುವಂಥವು, ಅರೆಗಾಡಿನವು. ಹುಲ್ಲುಗಾವಲಿನ ನಡುವೆ ಕರು ಹಾಕುವ ಅಂಥ ಹಸುವಿನ ಹಿಂದೆ ನಿಂತು ಕಾಲು ಹಿಡಿದೆಳೆಯುವ ಮಾತೇ ಇರಲಿಲ್ಲ. ಹೆರಲಾರದ್ದು ಅಲ್ಲೇ ಸತ್ತಿತು, ಸುಲಭವಾಗಿ ಹೆತ್ತದ್ದರ ವಂಶ ಮುಂದುವರಿಯಿತು. ಹೀಗೆ ತಲೆಮಾರುಗಟ್ಟಲೆ ನಡೆದ ಸೋಸುವಿಕೆಯಿಂದ ಉಳಿದ ತಳಿ ಉದ್ದ ಕಾಲಿನ, ಕಿರಿದಾದ ಮುಖದ, ಹಗುರ ಮೈಯ ಕರುವನ್ನು ಹಾಕುತ್ತಿತ್ತು.

ರೈತರ ಮನೆಯ ಹಳ್ಳಿಕಾರ್ ಹಸುವಿನದೂ ಹೆಚ್ಚುಕಡಿಮೆ ಇದೇ ಕತೆ. ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲೋ ಸಿದ್ಧಗಂಗೆಯ ಜಾತ್ರೆಯಲ್ಲೋ ಒಳ್ಳೆಯ ಬೆಲೆಗೆ ಹೋಗುವ ಹೋರಿಕರು ಹುಟ್ಟಬೇಕೆಂಬುದು ಮನೆಯ ಆಸೆ. ಹಾಲು ಕರುವಿನ ಪಾಲು, ಉಳಿದರೆ ಮನೆಗೆ. ಪಶ್ಚಿಮ ಘಟ್ಟದ ಮಲೆನಾಡು ಗಿಡ್ಡ ಇನ್ನೂ ಚಿಕ್ಕ ದನ, ನೆಲದಿಂದ ಮೂರು ಅಡಿಯ ಆಸುಪಾಸು. ಬೆಳಗ್ಗೆ ಕಾಡಿಗೆ ಮೇಯಲು ಹೋದ ಹಸು ಸಂಜೆ ಕರುವಿನೊಂದಿಗೆ ಹಿಂದಿರುಗುವುದು ಅಲ್ಲಿ ಅಚ್ಚರಿಯ ಸಂಗತಿಯಲ್ಲ. ಇದರ ಜತೆ ಋತುಮಾನವೂ ಸೇರಿತ್ತು. ದನ ಬೆದೆಗೆ ಬರುವುದು ಮೇವು ಹಸಿರಾಗಿ ಮೈಗೆ ಕಸು ಬಂದ ಮೇಲೆ. ಎಮ್ಮೆಯಂತೂ ಚಳಿಗಾಲದ ಕಡೆಗೇ ಹೆಚ್ಚಾಗಿ ಬೆದೆಗೆ ಬಂದು, ಮಳೆಗಾಲದ ಕೊನೆಯಿಂದ ಚಳಿಯವರೆಗೆ ಈಯುತ್ತದೆ. ಹಸುವಿಗೆ ಒಂಬತ್ತು ತಿಂಗಳು ಒಂಬತ್ತು ದಿನ, ಎಮ್ಮೆಗೆ ಹತ್ತು ತಿಂಗಳು ಹತ್ತು ದಿನ, ಕುರಿಗೆ ಐದು ತಿಂಗಳು ಎಂಬ ಹಳ್ಳಿಯ ಲೆಕ್ಕ ಇವತ್ತಿನ ಪಠ್ಯಪುಸ್ತಕದ 280, 310, 150 ದಿನಗಳಿಗೆ ಬಹಳ ಹತ್ತಿರದ್ದು. ಲೆಕ್ಕ ಇಡುವವರು ಕಾಯುವುದನ್ನೂ ಬಲ್ಲವರಾಗಿದ್ದರು.

ಕಾಯುವುದೇ ಆ ತಿಳಿವಳಿಕೆಯ ತಿರುಳು. ಕೆಚ್ಚಲು ತುಂಬಿ ಮೊಲೆ ಬಿಗಿಯುವುದು, ಬಾಲದ ಬುಡದ ಎರಡೂ ಕಡೆ ಕುಳಿ ಬೀಳುವುದು, ಹಸು ಗುಂಪು ಬಿಟ್ಟು ಮೂಲೆ ಹುಡುಕುವುದು, ಮಲಗಿ ಎದ್ದು ಮತ್ತೆ ಮಲಗುವುದು, ಕೊನೆಗೆ ನೀರಿನ ಚೀಲ ಕಾಣುವುದು. ಚೀಲ ಒಡೆದ ಮೇಲೆ ಮುಂಗಾಲಿನ ಎರಡು ಗೊರಸು, ಅವುಗಳ ಮೇಲೆ ಒರಗಿದ ಮೂತಿ ಕಂಡರೆ ಎಲ್ಲವೂ ಸರಿ. ಗೊರಸಿನ ಅಡಿ ಆಕಾಶ ನೋಡುತ್ತಿದ್ದರೆ ಬಹುಶಃ ಹಿಂಗಾಲು ಮೊದಲು ಬರುತ್ತಿದೆ ಎಂದರ್ಥ. ಒಂದೇ ಕಾಲು ಬಂದು ಇನ್ನೊಂದು ಮಡಚಿಕೊಂಡಿದ್ದರೆ, ಎಣ್ಣೆ ಸವರಿದ ಕೈಯನ್ನು ಒಳಗಿಟ್ಟು, ಹಸು ತಿಣುಕುವುದನ್ನು ನಿಲ್ಲಿಸಿದ ಗಳಿಗೆಯಲ್ಲಿ ಕರುವನ್ನು ತುಸು ಹಿಂದಕ್ಕೆ ತಳ್ಳಿ, ಗೊರಸಿನ ಚೂಪು ಗರ್ಭಕೋಶವನ್ನು ಸೀಳದಂತೆ ಅಂಗೈಯಲ್ಲಿ ಮುಚ್ಚಿ ಕಾಲನ್ನು ನೇರ ಮಾಡಬೇಕು. ಎಳೆಯುವುದೇ ಆದರೆ ಹಸು ತಿಣುಕಿದಾಗ ಮಾತ್ರ, ಅದೂ ಕೆಳಮುಖವಾಗಿ. ಊರಿಗೊಬ್ಬಿಬ್ಬರು ಇಂಥ ಕೈಯಿದ್ದವರು ಇರುತ್ತಿದ್ದರು. ಇವತ್ತಿನ ಪಶುವೈದ್ಯ ಶಾಸ್ತ್ರವೂ ಈ ಕ್ರಮವನ್ನೇ ಹೇಳುತ್ತದೆ. ವ್ಯತ್ಯಾಸವೆಂದರೆ ಅಂಥವರನ್ನು ಕರೆಸಬೇಕಾದ ಸಂದರ್ಭ ಅಂದು ಅಪರೂಪ. ಅಪರೂಪದ ಕೆಲಸದಲ್ಲಿ ಕೈ ಪಳಗುವುದಕ್ಕೂ ಮಿತಿ ಇತ್ತು.

ಹೆರಿಗೆಯ ನಂತರದ ಆರೈಕೆಯಲ್ಲಿ ಮನೆಯವರ ಕೈ ಹೆಚ್ಚು ಆಡುತ್ತಿತ್ತು. ಮೂಗಿನ ಲೋಳೆ ತೆಗೆದು, ಹುಲ್ಲಿನಿಂದ ಮೈಯುಜ್ಜಿ, ಕರುವನ್ನು ತಾಯಿಯ ನಾಲಿಗೆಗೆ ಬಿಟ್ಟರೆ ಉಸಿರಾಟವೂ ರಕ್ತದ ಓಟವೂ ಚುರುಕಾಗುತ್ತವೆ. ಇದು ಸರಿಯಾದ ಕ್ರಮ. ಆದರೆ ಕಸದ, ಅಂದರೆ ಕರುವಿನ ನಂತರ ಬೀಳುವ ಮಾಸಿನ, ವಿಷಯಕ್ಕೆ ಬಂದರೆ ಸರಿಯೂ ತಪ್ಪೂ ಬೆರೆತಿವೆ. ಕಸ ಬೀಳಲೆಂದು ಬಿದಿರಿನ ಎಲೆ ತಿನ್ನಿಸುತ್ತಿದ್ದರು, ಜೋತುಬಿದ್ದ ಮಾಸಿಗೆ ಕಲ್ಲನ್ನೋ ಹಳೆಯ ಚಪ್ಪಲಿಯನ್ನೋ ಕಟ್ಟುತ್ತಿದ್ದರು. ಭಾರ ಕಟ್ಟುವುದರಿಂದ ಮಾಸು ಅರ್ಧದಲ್ಲೇ ಹರಿದು ಒಳಗೆ ಕೊಳೆಯುವ ಅಪಾಯವಿದೆ. ಬಿದ್ದ ಕಸವನ್ನು ಹುಲ್ಲಿನಲ್ಲಿ ಸುತ್ತಿ ಆಲದಂಥ ಹಾಲು ಸುರಿಸುವ ಮರಕ್ಕೆ ಕಟ್ಟಿದರೆ ಹಸುವಿಗೆ ಹಾಲು ಹೆಚ್ಚುತ್ತದೆಂಬುದು ನಂಬಿಕೆ. ಹಾಲು ಹೆಚ್ಚಲಿ ಬಿಡಲಿ, ನಾಯಿ ಎಳೆದಾಡುವುದು, ಹಸುವೇ ಅದನ್ನು ತಿಂದು ಗಂಟಲಿಗೆ ಸಿಕ್ಕಿಸಿಕೊಳ್ಳುವುದು ತಪ್ಪುತ್ತಿತ್ತು. ಎಲ್ಲಕ್ಕಿಂತ ಕೇಡು ಮಾಡಿದ ಪದ್ಧತಿಯೆಂದರೆ ಕಸ ಬೀಳುವ ತನಕ ಕರುವಿಗೆ ಗಿಣ್ಣು ಹಾಲು ಬಿಡದಿರುವುದು. ಹಸುವಿನ ಮಾಸಿನ ಮೂಲಕ ತಾಯಿಯ ರೋಗನಿರೋಧಕ ಶಕ್ತಿ ಕರುವಿಗೆ ದಾಟುವುದಿಲ್ಲ. ಅದು ಸಿಗುವುದು ಗಿಣ್ಣಿನಿಂದಲೇ, ಅದನ್ನು ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಇರುವುದು ಮೊದಲ ಒಂದು ದಿನ ಮಾತ್ರ, ಅದೂ ಗಂಟೆಗಂಟೆಗೂ ಕುಗ್ಗುತ್ತಾ. ಅಲ್ಲದೆ ಕರು ಮೊಲೆಗೆ ಬಾಯಿ ಹಾಕಿದಾಗ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಹರಿದು ಗರ್ಭಕೋಶ ಹಿಂಡಿಕೊಳ್ಳುತ್ತದೆ, ಕಸ ಬೀಳಲು ಅದೇ ನೆರವು. ಕಸಕ್ಕಾಗಿ ಕರುವನ್ನು ಕಾಯಿಸಿದವರು ಎರಡಕ್ಕೂ ಅಡ್ಡಿಯಾಗಿದ್ದರು.

ಹಾಗೆಂದು ಆಚರಣೆಗಳೆಲ್ಲ ಕರುವಿಗೆ ವಿರೋಧವಾಗಿದ್ದವು ಎನ್ನಲಾಗದು. ಮನುಸ್ಮೃತಿಯೂ ಸೇರಿದಂತೆ ಹಲವು ಧರ್ಮಶಾಸ್ತ್ರಗಳು ಕರು ಹಾಕಿ ಹತ್ತು ದಿನ ಕಳೆಯದ ಹಸುವಿನ ಹಾಲನ್ನು ವರ್ಜ್ಯವೆಂದಿವೆ. ಹತ್ತು ದಿನ ಆ ಹಾಲು ದೇವರಿಗೆ ಸಲ್ಲದು ಎಂಬ ಕಟ್ಟಳೆ ನಮ್ಮ ಎಷ್ಟೋ ಮನೆಗಳಲ್ಲಿ ಇಂದಿಗೂ ಇದೆ. ಸೂತಕದ ಭಾಷೆಯಲ್ಲಿ ಹೇಳಿದ ಈ ನಿಯಮದ ಫಲವೇನೆಂದರೆ, ಎಳೆಗರುವಿನ ಪಾಲಿಗೆ ಪೈಪೋಟಿ ಕಡಿಮೆಯಾಗುವುದು. ಆದರೆ ಬೆಲ್ಲ ಏಲಕ್ಕಿ ಹಾಕಿ ಕಾಯಿಸಿದ ಗಿಣ್ಣನ್ನು ನೆರೆಹೊರೆಗೆ ಹಂಚುವ ರೂಢಿ ನಾಡಿನ ಉದ್ದಗಲಕ್ಕೂ ಇದ್ದದ್ದರಿಂದ, ಗ್ರಂಥದ ನಿಯಮ ಅಡುಗೆಮನೆಯನ್ನು ಪೂರ್ತಿ ಕಟ್ಟಿಹಾಕಲಿಲ್ಲ ಎಂಬುದೂ ಸ್ಪಷ್ಟ. ಆಚರಣೆಗಳನ್ನು ಸಾರಾಸಗಟಾಗಿ ವಿಜ್ಞಾನವೆಂದು ಹೊಗಳುವವರೂ ಮೌಢ್ಯವೆಂದು ತಳ್ಳುವವರೂ ಇಲ್ಲಿ ಎಡವುತ್ತಾರೆ. ಒಂದೇ ಕೊಟ್ಟಿಗೆಯಲ್ಲಿ ಕರುವನ್ನು ಉಳಿಸುವ ಪದ್ಧತಿಯೂ ಕೊಲ್ಲುವ ಪದ್ಧತಿಯೂ ಅಕ್ಕಪಕ್ಕದಲ್ಲಿದ್ದವು, ಯಾವುದು ಯಾವುದೆಂದು ತೂಗಿ ನೋಡುವ ವ್ಯವಸ್ಥೆ ಇರಲಿಲ್ಲ.

ಆ ತೂಕ ಬರಹದಿಂದ ಬರಬಹುದಿತ್ತು. ಕನ್ನಡದಲ್ಲಿ ಪಶುವೈದ್ಯದ ಬರಹ ಬಹಳ ಹಳೆಯದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ತಮ್ಮ ಕೀರ್ತಿವರ್ಮ 12ನೇ ಶತಮಾನದ ಸುಮಾರಿಗೆ ‘ಗೋವೈದ್ಯ’ ಬರೆದ. ಮದ್ದಿನ ಜತೆ ಮಂತ್ರವೂ ಇರುವ ಕೃತಿ ಅದು. ಅರಸುಮನೆತನದವನೊಬ್ಬ ದನದ ರೋಗದ ಬಗ್ಗೆ ಗ್ರಂಥ ಬರೆದದ್ದು ಸಣ್ಣ ಮಾತಲ್ಲ. ಆದರೆ ಆ ದಾರಿ ಅಗಲವಾಗಲಿಲ್ಲ. ಮುಂದೆ ಆಸ್ಥಾನಗಳ ಗಮನ ಹೆಚ್ಚಾಗಿ ಹರಿದದ್ದು ಕುದುರೆಯ ಕಡೆಗೆ. ಅಭಿನವಚಂದ್ರನ ಅಶ್ವವೈದ್ಯ, 17ನೇ ಶತಮಾನದಲ್ಲಿ ಮೈಸೂರಿನ ಆಶ್ರಯದಲ್ಲಿ ಪದ್ಮಣಪಂಡಿತ ಬರೆದ ‘ಹಯಸಾರ ಸಮುಚ್ಚಯ’ ಇದಕ್ಕೆ ಸಾಕ್ಷಿ. ಕುದುರೆ ಯುದ್ಧದ ಬಂಡವಾಳ, ದೂರದ ಬಂದರಿನಿಂದ ಹಣ ಸುರಿದು ತರಿಸಿದ್ದು. ಅದರ ಕಾಯಿಲೆಗೆ ಗ್ರಂಥ ಬೇಕು. ರೈತನ ಹಸು ತಾನೇ ಹುಟ್ಟಿ ತಾನೇ ಹೆರುವಂಥದು, ಅದರ ಹೆರಿಗೆಗೆ ಗ್ರಂಥ ಯಾಕೆ? ಕೊಟ್ಟಿಗೆಯಲ್ಲಿ ಕೈ ಹಾಕುವವರಿಗೆ ಓದು ಇರಲಿಲ್ಲ, ಓದಿದವರು ಕೊಟ್ಟಿಗೆಗೆ ಕೈ ಹಾಕುತ್ತಿರಲಿಲ್ಲ. ಜಾತಿಯ ಏರ್ಪಾಟು ಈ ಎರಡನ್ನೂ ದೂರವಿಟ್ಟಿತು.

ಬ್ರಿಟಿಷರ ಕಾಲದ ಪಶುವೈದ್ಯವೂ ಹೆರಿಗೆಯಿಂದ ಶುರುವಾಗಲಿಲ್ಲ. 1871ರಲ್ಲಿ ವರದಿ ಕೊಟ್ಟ ಆಯೋಗ ದನಗಳ ಪ್ಲೇಗಿನ ಬಗ್ಗೆ ಇತ್ತು. 1889ರಲ್ಲಿ ಪುಣೆಯಲ್ಲಿ ಶುರುವಾಗಿ ಮುಂದೆ ಮುಕ್ತೇಶ್ವರಕ್ಕೆ ಹೋದ ಪ್ರಯೋಗಾಲಯದ ಗುರಿಯೂ ಸಾಂಕ್ರಾಮಿಕ ರೋಗಗಳೇ. ಮುಂಬಯಿಯಲ್ಲಿ 1886ರಲ್ಲಿ, ಮದ್ರಾಸಿನಲ್ಲಿ 1903ರಲ್ಲಿ ಪಶುವೈದ್ಯ ಕಾಲೇಜುಗಳು ಬಂದವು. ಮೈಸೂರು ಸಂಸ್ಥಾನದಲ್ಲಿ 1925ರಲ್ಲಿ ಸೀರಂ ಸಂಸ್ಥೆ ಹುಟ್ಟಿದ್ದು ದೊಡ್ಡರೋಗದ, ಅಂದರೆ ರಿಂಡರ್‌ಪೆಸ್ಟ್‌ನ, ವಿರುದ್ಧ. ಇದನ್ನು ದೂರುವಂತಿಲ್ಲ. ದೊಡ್ಡರೋಗ ಒಂದು ಸುತ್ತು ಬಂದರೆ ಊರಿನ ಕೊಟ್ಟಿಗೆಗಳೆಲ್ಲ ಖಾಲಿಯಾಗುತ್ತಿದ್ದವು. ಕಷ್ಟದ ಹೆರಿಗೆ ಕೊಲ್ಲುತ್ತಿದ್ದದ್ದು ಎಲ್ಲೋ ಒಂದು ಹಸುವನ್ನು. 2011ರಲ್ಲಿ ಇಡೀ ಜಗತ್ತೇ ಆ ರೋಗದಿಂದ ಮುಕ್ತವೆಂದು ಸಾರುವಂತಾದದ್ದು ಆ ಆದ್ಯತೆ ಸರಿಯಾಗಿತ್ತೆಂಬುದಕ್ಕೆ ಪುರಾವೆ. ಆದರೆ ಅದೇ ಆದ್ಯತೆ ಪಶುವೈದ್ಯ ಇಲಾಖೆಗೆ ಒಂದು ಅಚ್ಚನ್ನೂ ಕೊಟ್ಟಿತು. ಹಿಂಡನ್ನು ಕಾಯುವುದು, ಸೂಜಿ ಚುಚ್ಚುವುದು, ತಲೆ ಎಣಿಸುವುದು ಇಲಾಖೆಯ ಕೆಲಸ. ಒಂದು ರಾತ್ರಿ ಒಂದು ಹಸುವಿನ ಪಕ್ಕ ಕೂರುವ ಕೆಲಸ ಈ ಅಚ್ಚಿನಲ್ಲಿ ಕೂರಲಿಲ್ಲ.

ತಿರುವು ಬಂದದ್ದು 1939ರಲ್ಲಿ, ಮೈಸೂರಿನಲ್ಲೇ. ಅರಮನೆಯ ಡೇರಿ ಫಾರಂನಲ್ಲಿ ಸಂಪತ್ ಕುಮಾರನ್ ಅವರು ಹೋಲ್‌ಸ್ಟೀನ್ ಫ್ರೀಜಿಯನ್ (ಎಚ್‌ಎಫ್) ಹೋರಿಯ ವೀರ್ಯದಿಂದ ಹಳ್ಳಿಕಾರ್ ಹಸುಗಳಿಗೆ ಗರ್ಭ ಕಟ್ಟಿಸಿದ್ದು ಭಾರತದಲ್ಲಿ ಕೃತಕ ಗರ್ಭಧಾರಣೆಯ ಮೊದಲ ಪ್ರಯೋಗ. ಸ್ವಾತಂತ್ರ್ಯ ಬಂದ ಮೇಲೆ ಮೊದಲ ಪಂಚವಾರ್ಷಿಕ ಯೋಜನೆಯ ಕೀ ವಿಲೇಜ್ ಯೋಜನೆ ಇದನ್ನು ಹಳ್ಳಿಗೆ ತಂದಿತು. ಅರವತ್ತರ ದಶಕದ ನಡುವೆ ತೀವ್ರ ಜಾನುವಾರು ಅಭಿವೃದ್ಧಿ ಕಾರ್ಯಕ್ರಮ ಬಂತು. ಡೆನ್ಮಾರ್ಕಿನ ನೆರವಿನಿಂದ 1969ರಲ್ಲಿ ಹೆಸರಘಟ್ಟದಲ್ಲಿ ಘನೀಕೃತ ವೀರ್ಯದ ಕೇಂದ್ರ ಶುರುವಾಯಿತು. 1974ರಲ್ಲಿ ವಿಶ್ವಬ್ಯಾಂಕ್ ಸಾಲದಿಂದ ದಕ್ಷಿಣ ಕರ್ನಾಟಕದಲ್ಲಿ ಹೈನು ಯೋಜನೆ ಹಬ್ಬಿತು, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಲ (ಕೆಎಂಎಫ್) ರೂಪುಗೊಂಡಿತು. ದ್ರವ ಸಾರಜನಕದ ಕ್ಯಾನು ಹೊತ್ತ ಮನುಷ್ಯ ಬೈಕಿನಲ್ಲಿ ಮನೆಬಾಗಿಲಿಗೆ ಬರತೊಡಗಿದ. ಎರಡು ತಲೆಮಾರಿನೊಳಗೆ ಊರ ಬೀಜದ ಹೋರಿ ಮರೆಯಾಗಿ, ಸೀಮೆ ಹಸು ಹಾಲಿನ ಡೇರಿಯ ಮುಂದೆ ಸಾಲು ನಿಲ್ಲಿಸಿತು. ಎತ್ತಿಗಾಗಿ ಇದ್ದ ದನ ಹಾಲಿಗಾಗಿ ಇರುವ ದನವಾಯಿತು.

ಉದ್ದೇಶ ಬದಲಾದಾಗ ಹೆರಿಗೆಯೂ ಬದಲಾಯಿತು. ಶುದ್ಧ ಎಚ್‌ಎಫ್ ಕರು ಹುಟ್ಟುವಾಗಲೇ ಸುಮಾರು 40 ಕೆ.ಜಿ. ತೂಗುತ್ತದೆ, ಹೋರಿಕರುವಾದರೆ ಇನ್ನೂ ತುಸು ಹೆಚ್ಚು. ನಾಟಿ ಹಸುವಿನ ಹೊಟ್ಟೆಯಲ್ಲಿ ಬೆಳೆದ ಮೊದಲ ತಲೆಮಾರಿನ ಮಿಶ್ರತಳಿ ಕರು ಅಷ್ಟು ದೊಡ್ಡದಾಗುವುದಿಲ್ಲ. ಗೂಳಿ ಎಷ್ಟೇ ಭಾರಿಯಾದರೂ ನಮ್ಮ ದನದ ಗರ್ಭಕೋಶ ಕರುವಿನ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಹಾಗಾಗಿ ಆರಂಭದ ವರ್ಷಗಳಲ್ಲಿ ಅಪಾಯ ಅಷ್ಟಾಗಿ ಕಣ್ಣಿಗೆ ಬೀಳದಿದ್ದರೆ ಆಶ್ಚರ್ಯವಿಲ್ಲ. ಮಿಶ್ರತಳಿ ಕಡಸಿಗೆ ಮತ್ತೆ ಎಚ್‌ಎಫ್ ಬೀಜವನ್ನೇ ಹಾಕುತ್ತಾ ಹೋದಾಗ, ಅದೂ ಮೈ ತುಂಬುವ ಮೊದಲೇ ಹಾಕಿದಾಗ, ಕಡಿವಾಣ ಸಡಿಲವಾಯಿತು. ಕಾವಲು ಕರಗಿ ಹಸು ದಿನವಿಡೀ ಗೂಟಕ್ಕೆ ಬಿತ್ತು, ನಡಿಗೆಯಿಲ್ಲದೆ ತಿಣುಕುವ ಕಸು ತಗ್ಗಿತು. ಹೆಚ್ಚು ಹಾಲಿನ ಹಸುವಿಗೆ ಕರು ಹಾಕಿದ ಬೆನ್ನಿಗೇ ರಕ್ತದ ಕ್ಯಾಲ್ಸಿಯಂ ಕುಸಿದು ಮಲಗಿದಲ್ಲೇ ಕತ್ತು ತಿರುಗಿಸುವ ಹಾಲುಜ್ವರ ಬಂತು. ಕಡಿಮೆ ಹಾಲಿನ ನಾಟಿ ಹಸುವಿಗೆ ಅದು ಅಪರೂಪ. ಹೀಗಾಗಿ ಮನೆಯ ಹಿರಿಯರಿಗೆ ಅದರ ಗುರುತೂ ಇರಲಿಲ್ಲ, ಮದ್ದೂ ಇರಲಿಲ್ಲ. ಅವರು ಮರೆತವರಲ್ಲ, ಅಂಥದನ್ನು ನೋಡಿಯೇ ಇರದವರು.

ಇಲ್ಲಿ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದೇ. ಹಿಂದೆ ಹಸುಗಳು ಸುಖವಾಗಿ ಹೆರುತ್ತಿದ್ದವು ಎನ್ನಲು ಲೆಕ್ಕ ಎಲ್ಲಿದೆ? ಸತ್ತದ್ದನ್ನು ಯಾರೂ ಬರೆದಿಡಲಿಲ್ಲ, ಬದುಕಿದ್ದನ್ನಷ್ಟೇ ನೆನಪಿಟ್ಟುಕೊಂಡೆವು. ಇದು ನಿಜ. ಅಮೃತ ಮಹಲಿನ ಹುಲ್ಲುಗಾವಲಿನಲ್ಲಿ ನಡೆದ ಸೋಸುವಿಕೆಯೆಂದರೆ ಸಾವಿನ ಮೂಲಕ ನಡೆದ ಸೋಸುವಿಕೆಯೇ, ಅದರಲ್ಲಿ ಕರುಣೆ ಹುಡುಕುವುದು ವ್ಯರ್ಥ. ಗಿಣ್ಣು ಸಿಗದೆ ಸತ್ತ ಕರುಗಳನ್ನೂ ಆ ಲೆಕ್ಕಕ್ಕೆ ಸೇರಿಸಬೇಕು. ಆದರೆ ನನ್ನ ವಾದ ಹಿಂದೆ ಸಾವು ಕಡಿಮೆಯಿತ್ತು ಎಂಬುದಲ್ಲ. ಹಿಂದೆ ಹಸುವಿನ ಮೈಗೂ ಮನೆಯವರ ಕೈಗೂ ಒಂದು ಹೊಂದಿಕೆಯಿತ್ತು, ಮೈಯನ್ನು ಬದಲಿಸಿದವರು ಕೈಯನ್ನು ತಯಾರು ಮಾಡಲಿಲ್ಲ ಎಂಬುದು. ಅದನ್ನು ಒಪ್ಪಲು ಹಳೆಯ ಸಾವಿನ ಲೆಕ್ಕ ಬೇಕಿಲ್ಲ, ತಳಿಯ ಚರಿತ್ರೆ ಸಾಕು.

ಎರಡನೆಯ ಆಕ್ಷೇಪ ಹೊಟ್ಟೆಪಾಡಿನದು. ಸೀಮೆ ಹಸು ಬಂದದ್ದರಿಂದಲೇ ಕೋಲಾರ, ಮಂಡ್ಯ, ತುಮಕೂರು ಕಡೆಯ ಸಣ್ಣ ಹಿಡುವಳಿದಾರರಿಗೆ ವಾರವಾರ ಕೈಗೆ ದುಡ್ಡು ಬಂತು, ಹೆಂಗಸರ ಕೈಗೂ ಬಂತು. ಮಳೆ ಕೈಕೊಟ್ಟ ವರ್ಷ ರಾಗಿ ಹೋದರೂ ಹಾಲು ಉಳಿಯಿತು. ಇದನ್ನು ಅಲ್ಲಗಳೆಯುವವರು ಹಳ್ಳಿಯ ಲೆಕ್ಕ ಬಲ್ಲವರಲ್ಲ. ಆದರೆ ಆ ಲೆಕ್ಕದಲ್ಲೇ ಒಂದು ಸಾಲು ಬಿಟ್ಟುಹೋಗಿದೆ. ಎರಡು ಹಸು ಇರುವ ಮನೆಯಲ್ಲಿ ಒಂದು ಹೆರಿಗೆಯಲ್ಲಿ ಹೋದರೆ ಅರ್ಧ ಬಂಡವಾಳ ಹೋದಂತೆ, ಸಾಲ ಮಾತ್ರ ಪೂರ್ತಿ ಉಳಿದಂತೆ. ಲಾಭ ಸಹಕಾರ ಸಂಘದ ಪುಸ್ತಕದಲ್ಲಿ ಲೀಟರಿನ ಲೆಕ್ಕದಲ್ಲಿ ದಾಖಲಾಗುತ್ತದೆ, ಈ ನಷ್ಟ ಮನೆಯೊಳಗೇ ಉಳಿಯುತ್ತದೆ. ತಳಿ ಬೇಡವೆನ್ನುವುದಕ್ಕೆ ಇದು ಕಾರಣವಾಗದು. ತಳಿಯ ಜತೆಗೆ ಬಂದ ಅಪಾಯವನ್ನು ಒಬ್ಬರ ತಲೆಗೇ ಕಟ್ಟಬಾರದು ಎನ್ನುವುದಕ್ಕೆ ಕಾರಣ.

ಮೂರನೆಯ ಆಕ್ಷೇಪ ಹೀಗೆ: ಊರೂರಿಗೂ ಪಶು ಆಸ್ಪತ್ರೆ ಇದೆ, ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯ ಕಾಲೇಜಿದೆ, ಹಾಲು ಒಕ್ಕೂಟಗಳ ತುರ್ತು ಚಿಕಿತ್ಸೆ ಇದೆ, ಈಗ 1962 ಸಂಖ್ಯೆಗೆ ಕರೆ ಮಾಡಿದರೆ ಬರುವ ಸಂಚಾರಿ ವಾಹನವೂ ಇದೆ. ಸರ್ಕಾರ ಹೆರಿಗೆಗೆ ಬರಲಿಲ್ಲ ಎನ್ನುವುದು ಸರಿಯೇ? ಇವೆಲ್ಲ ಇವೆ, ಎಷ್ಟೋ ವೈದ್ಯರು ನಡುರಾತ್ರಿ ಕೊಟ್ಟಿಗೆಯ ಬೆಳಕಿನಲ್ಲಿ ಮಂಡಿಯೂರಿ ಕರು ತೆಗೆದಿದ್ದಾರೆ. ಆದರೆ ವೈದ್ಯರ ಶ್ರದ್ಧೆ ಬೇರೆ, ವ್ಯವಸ್ಥೆಯ ಸ್ವಭಾವ ಬೇರೆ. ಬೆಳಗ್ಗೆ ಬೆದೆ ಕಂಡ ಹಸುವಿಗೆ ಸಂಜೆ ಬೀಜ ಕೊಡಿಸಿದರೂ ಸಾಕು, ಅರ್ಧ ದಿನದ ಬಿಡುವಿದೆ. ಈ ಸಲ ತಪ್ಪಿದರೆ ಸುಮಾರು 21 ದಿನಕ್ಕೆ ಮತ್ತೆ ಬೆದೆ ಬರುತ್ತದೆ. ಹೆರಿಗೆಗೆ ಆ ಸಾವಧಾನವಿಲ್ಲ. ಗೊರಸು ಕಂಡ ಮೇಲೆ ಒಂದೆರಡು ಗಂಟೆಯಲ್ಲಿ ಕರು ಹೊರಬರದಿದ್ದರೆ ನೆರವು ಬೇಕೇಬೇಕು, ತಪ್ಪಿದ ಹೆರಿಗೆಗೆ ಎರಡನೆಯ ಸರದಿ ಇಲ್ಲ. ತಡವಾದರೂ ನಡೆಯುವ ಕೆಲಸಕ್ಕೆ ಮನೆಬಾಗಿಲ ಸೇವೆ, ತಡವಾದರೆ ಕೆಡುವ ಕೆಲಸಕ್ಕೆ ಕರೆ ಮಾಡಿ ಕಾಯುವ ಸೇವೆ ಎಂಬಂತಾಯಿತು. ದೂರದಿಂದ ಹೊರಟ ವೈದ್ಯರು ಎಷ್ಟೇ ಬೇಗ ಬಂದರೂ ಮೊದಲ ಗಂಟೆ ಮನೆಯವರದೇ.

ಆ ಮೊದಲ ಗಂಟೆಗೆ ಮನೆಯವರನ್ನು ಸಜ್ಜುಗೊಳಿಸುವುದೆಂದರೆ ಎಲ್ಲರನ್ನೂ ಅರೆವೈದ್ಯರನ್ನಾಗಿ ಮಾಡುವುದಲ್ಲ. ಬರಿಗೈ ಹಾಕುವ ಹಳೆಯ ಧೈರ್ಯ ಈಗ ಅಪಾಯವೂ ಹೌದು. ಕಂದು ಹಾಕಿದ ಹಸುವಿನ ಕಸ, ನೀರಿನಲ್ಲಿ ಬ್ರೂಸೆಲ್ಲಾ ರೋಗಾಣು ಇದ್ದರೆ ಮುಟ್ಟಿದ ಮನುಷ್ಯನಿಗೂ ಅದು ಅಂಟಿ, ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು ಕಾಡುತ್ತವೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಇದರ ಲಸಿಕೆ ಹಾಕುತ್ತಿರುವುದು ಈ ಕಾರಣಕ್ಕೇ. ಕೈಗವಸು ತೊಡುವುದು, ಕಸವನ್ನು ಮರಕ್ಕೆ ಕಟ್ಟುವ ಬದಲು ಸುಣ್ಣ ಹಾಕಿ ಆಳಕ್ಕೆ ಹೂಳುವುದು, ಹುಟ್ಟಿದ ಗಂಟೆ ಎರಡು ಗಂಟೆಯೊಳಗೆ ಕರುವಿಗೆ ಗಿಣ್ಣು ಕುಡಿಸುವುದು, ಗೊರಸು ಮೂತಿಗಳ ಗುರುತು ನೋಡಿ ಯಾವಾಗ ಕೈ ಹಾಕಬಾರದೆಂದು ತಿಳಿಯುವುದು, ಇಷ್ಟನ್ನು ಹಾಲು ಸಂಘದ ಜಗಲಿಯಲ್ಲೇ ಕಲಿಸಬಹುದು. ಇದರಲ್ಲಿ ಅರ್ಧ ಹಳಬರು ಬಲ್ಲದ್ದು, ಅರ್ಧ ಅವರು ತಪ್ಪಿದ್ದು.

ಉಳಿದ ಹೊಣೆ ಬೀಜ ಕೊಡುವವರದು. ಮೊದಲ ಸಲ ಗಬ್ಬವಾಗುವ ಕಡಸಿಗೆ ಸಣ್ಣ ಮೈಯ ಜೆರ್ಸಿಯನ್ನೋ, ಸುಲಭ ಹೆರಿಗೆಯ ದಾಖಲೆಯಿರುವ ಹೋರಿಯನ್ನೋ ಆರಿಸುವುದು ಬೀಜ ಹಾಕುವ ದಿನವೇ ಆಗಬೇಕಾದ ತೀರ್ಮಾನ. ಹೆಣ್ಣುಕರುವೇ ಹುಟ್ಟುವಂತೆ ವಿಂಗಡಿಸಿದ ವೀರ್ಯದಿಂದ ಕರುವಿನ ತೂಕವೂ ತುಸು ಇಳಿಯುತ್ತದೆ, ಕೇಳುವವರಿಲ್ಲದ ಗಂಡುಕರುವಿನ ಪಾಡೂ ತಪ್ಪುತ್ತದೆ. ಇನ್ನು ಹೆರಿಗೆ ಹೇಳದೆ ಕೇಳದೆ ಬರುವಂಥದು, ಅದಕ್ಕೆ ಸಿದ್ಧತೆ ಹೇಗೆ ಎನ್ನುವವರಿಗೆ ಉತ್ತರ ಇಲಾಖೆಯ ಪುಸ್ತಕದಲ್ಲೇ ಇದೆ. ಊರ ಹೋರಿ ಕಾವಲಿನಲ್ಲಿ ಯಾವಾಗ ಹಾರಿತೋ ಯಾರಿಗೂ ಗೊತ್ತಾಗದಿದ್ದ ಕಾಲ ಹೋಯಿತು. ಕಿವಿಯಲ್ಲಿ ಹನ್ನೆರಡು ಅಂಕಿಯ ಓಲೆ ಹಾಕಿ, ಬೀಜ ಕೊಟ್ಟ ತಾರೀಕನ್ನು ಬರೆದಿಡುವ ಈ ಕಾಲದಲ್ಲಿ ಯಾವ ಮನೆಯಲ್ಲಿ ಯಾವ ವಾರ ಕರು ಹುಟ್ಟಲಿದೆ ಎಂಬುದು ಒಂಬತ್ತು ತಿಂಗಳು ಮೊದಲೇ ಲೆಕ್ಕಕ್ಕೆ ಸಿಗುತ್ತದೆ. ಹಿಂದಿನವರಿಗೆ ಇಲ್ಲದಿದ್ದ ಈ ಅನುಕೂಲವನ್ನು ಕೈಯಲ್ಲಿಟ್ಟುಕೊಂಡೂ ಪ್ರತಿ ಹೆರಿಗೆಯನ್ನೂ ಆಕಸ್ಮಿಕವೆಂಬಂತೆ ಎದುರಿಸುತ್ತಿದ್ದರೆ, ಆ ತಪ್ಪನ್ನು ಹಳ್ಳಿಯವರ ಮರೆವಿನ ಮೇಲೆ ಹೊರಿಸುವುದು ಸರಿಯಲ್ಲ.